ರಕ್ತದ ರಿಪೋರ್ಟ್‌ನಲ್ಲಿ ಮೆದುಳು ಕಾಣುವುದಿಲ್ಲ

ಸಂಪಾದಕರಿಗೆ ನಮಸ್ಕಾರ.

ನಮ್ಮ ಯಜಮಾನರು ದಾವಣಗೆರೆಯಲ್ಲಿ 35 ವರ್ಷ ಟೈಲರ್ ಆಗಿದ್ದವರು. ಆರು ವರ್ಷದ ಹಿಂದೆ ಸೂಜಿಗೆ ದಾರ ಪೋಣಿಸುವಾಗ ಬಲಗೈ ನಡುಗಲು ಶುರುವಾಯಿತು. ಡಾಕ್ಟರು ಪಾರ್ಕಿನ್ಸನ್ ಎಂಬ ನರರೋಗ ಎಂದರು. ಹೋದ ತಿಂಗಳು ಒಂದು ಲ್ಯಾಬ್‌ನವರು 'ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾಕೇಜ್' ಅಂತ ಅವರ ರಕ್ತ ತೆಗೆದು 3,800 ರೂಪಾಯಿ ಪಡೆದರು. ಜೀವಕೋಶಗಳನ್ನು ಕಾಪಾಡುವ ಗ್ಲುಟಾಥಿಯೋನ್ ಎಂಬ ರಾಸಾಯನಿಕ ಕಡಿಮೆ ಇದೆ, ವಾರಕ್ಕೆರಡು ಇಂಜೆಕ್ಷನ್ ಬೇಕು ಎಂದರು. ನಾನು ಹೆದರಿ ಒಡವೆ ಅಡ ಇಡಲೂ ತಯಾರಾಗಿದ್ದೆ. ನರರೋಗದ ಡಾಕ್ಟರು ರಿಪೋರ್ಟ್ ನೋಡಿ, "ಅಮ್ಮಾ, ಇದು ರಕ್ತದ ಲೆಕ್ಕ, ಮೆದುಳಿನದ್ದಲ್ಲ" ಎಂದರು.

ಅವರು ವಿವರಿಸಿದ್ದು ಇಷ್ಟು. ಮಿದುಳುಕಾಂಡದ ಮೇಲ್ಭಾಗದಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಸಣ್ಣ ಕಪ್ಪು ಪಟ್ಟಿ ಇದೆ. ಕೈಕಾಲಿನ ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕ ತಯಾರಾಗುವ ಜಾಗಗಳಲ್ಲಿ ಅದು ಮುಖ್ಯವಾದದ್ದು. ಡೋಪಮೈನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅಲ್ಲಿ ಕಬ್ಬಿಣದ ಅಂಶವೂ ಜಾಸ್ತಿ. ಎರಡೂ ಸೇರಿದರೆ ನರಕೋಶ ಸುಡುತ್ತದೆ. ಆ ಬೆಂಕಿ ಆರಿಸುವುದೇ ಗ್ಲುಟಾಥಿಯೋನ್. 1994ರಲ್ಲಿ ಲಂಡನ್ ಸಂಶೋಧಕರು ತೀರಿಹೋದ ರೋಗಿಗಳ ಮೆದುಳಿನಲ್ಲಿ ಅಳೆದಾಗ, ಆ ಪಟ್ಟಿಯಲ್ಲಿ ಅದು ಸುಮಾರು ಶೇ 40ರಷ್ಟು ಕಡಿಮೆ ಇತ್ತು. ಮೆದುಳಿನ ಬೇರೆ ಭಾಗಗಳಲ್ಲಿ ಹಾಗಿರಲಿಲ್ಲ. ಪಕ್ಕದ ಭಾಗದಲ್ಲೇ ಕಾಣದ್ದು ತೋಳಿನ ರಕ್ತದಲ್ಲಿ ಹೇಗೆ ಕಂಡೀತು? ಬದುಕಿರುವವರಲ್ಲಿ ಎಂಆರ್‌ಐ ಯಂತ್ರದಿಂದ ಅಳೆಯುವ ವಿಧಾನವೂ ಇದೆಯಂತೆ. ಆದರೆ ಆ ಜಾಗ ತೀರಾ ಚಿಕ್ಕದು, ಹಾಗಾಗಿ ಸಂಶೋಧನೆಗೆ ಮಾತ್ರ ಬಳಸುತ್ತಾರೆ.

ವಿಟಮಿನ್ ಇ ಮಾತ್ರೆಯೂ ಈ ಬೆಂಕಿ ಆರಿಸೀತು ಎಂದು ಹೀಗೇ ಆಸೆ ಹುಟ್ಟಿಸಿತ್ತು. ಅಮೆರಿಕ, ಕೆನಡಾದ 800 ರೋಗಿಗಳ ಮೇಲೆ ಪರೀಕ್ಷಿಸಿದಾಗ ಉಪಯೋಗವಾಗಲಿಲ್ಲ. ಅದು 1993ರ ಮಾತು.

ಅಂದರೆ ಸರಿಯಾದ ಅಳತೆ ಸಿಗುವುದು ಜನ ಕೊಟ್ಟ ಮೆದುಳಿನಿಂದ, ಅಲ್ವಾ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ, ದಾನ ಕೊಟ್ಟ ಮೆದುಳುಗಳನ್ನು ಸಂಶೋಧನೆಗಾಗಿ ಕಾಪಾಡುವ ಮೆದುಳು ಬ್ಯಾಂಕ್ ಇದೆ. ಅಲ್ಲಿನ ಸಂಶೋಧಕರೂ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ಈ ರಾಸಾಯನಿಕಗಳನ್ನು ಅಳೆದಿದ್ದಾರೆ. ಇದನ್ನು ಕೇಳಿದ ನಮ್ಮ ಯಜಮಾನರು, ತಾವು ಹೋದ ಮೇಲೆ ತಮ್ಮ ಮೆದುಳನ್ನೂ ಕೊಡಬೇಕು ಎಂದಿದ್ದಾರೆ. ನಾನು ಎರಡು ದಿನ ಅತ್ತು ಒಪ್ಪಿಕೊಂಡೆ.

ನನ್ನ ಚಿಂತೆ ಬೇರೆ. ಸಾವಾದ ಕೆಲವೇ ಗಂಟೆಗಳಲ್ಲಿ ಮೆದುಳನ್ನು ತೆಗೆದು ಕಾಪಾಡಬೇಕು. ನಮ್ಮೂರಿನಿಂದ ಬೆಂಗಳೂರಿಗೆ ಸುಮಾರು 260 ಕಿ.ಮೀ. ಜಿಲ್ಲಾ ಆಸ್ಪತ್ರೆಯಲ್ಲೇ ತೆಗೆದು ಕಳಿಸುವ ವ್ಯವಸ್ಥೆಯನ್ನು ಸರ್ಕಾರ ಮಾಡಲಿ. ಯಾರನ್ನು ಕೇಳಬೇಕು, ಯಾವ ಫಾರಂ ತುಂಬಬೇಕು ಎಂದು ನಿಮ್ಮ ಪತ್ರಿಕೆಯೂ ಒಮ್ಮೆ ವಿವರವಾಗಿ ಬರೆಯಲಿ. ನಮ್ಮ ಮನೆಯವರಂತೂ ಆ ಪುಟಕ್ಕೆ ಕಾಯುತ್ತಿದ್ದಾರೆ.

— ಓದುಗರು, ದಾವಣಗೆರೆ