ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ ಕಾಡುಪ್ರದೇಶದಲ್ಲಿ ಹಾವು ನೋಡಲು ಹೊರಟವರ ಗಮನಕ್ಕೆ

ಲಿಂಡ್‌ಹರ್ಸ್ಟ್ ಹತ್ತಿರ, ಎ35 ರಸ್ತೆಯ ಬದಿಯ ರೆಪ್ಟೈಲ್ ಸೆಂಟರ್ (ಸರೀಸೃಪ ಕೇಂದ್ರ) ಚಳಿಗಾಲದಲ್ಲಿ ಮುಚ್ಚಿರುತ್ತದೆ. ಹೊರಡುವ ಮುನ್ನ ಸಮಯ ನೋಡಿಕೊಳ್ಳಿ. ಬ್ರಿಟನ್‌ನದೇ ಆದ 3 ಹಾವು, 3 ಹಲ್ಲಿ ಜಾತಿಗಳು ಅಲ್ಲಿನ ಬಯಲು ಆವರಣಗಳಲ್ಲಿವೆ.

ಊಟ ಮುಗಿಸಿ ಸುಡುಬಿಸಿಲಲ್ಲಿ ಹೋದರೆ ಬರೀ ಪೊದೆ ನೋಡಿ ಬರಬೇಕಾದೀತು. ಮೈ ಕಾದೊಡನೆ ಹಾವು, ಹಲ್ಲಿಗಳು ಹೆದರ್ ಎಂಬ ಕುರುಚಲು ಗಿಡದ ಸಂದಿ ಸೇರುತ್ತವೆ. ಬೆಳಿಗ್ಗೆಯ ಎಳೆಬಿಸಿಲು, ಅದರಲ್ಲೂ ಮಳೆ ನಿಂತು ಬಿಸಿಲು ಬಂದ ಗಳಿಗೆ, ಒಳ್ಳೆಯದು. ನಿಮ್ಮ ನೆರಳು ಆವರಣದೊಳಗೆ ಬೀಳದಂತೆ ನಿಂತು, ಗಿಡದ ಬುಡವನ್ನೇ 5 ನಿಮಿಷ ದಿಟ್ಟಿಸಿ.

ಬೆನ್ನಿನ ಮೇಲೆ ಅಂಕುಡೊಂಕು ಪಟ್ಟೆ, ಸೀಳಿದಂಥ ಪಾಪೆ ಇದ್ದರೆ ಅದು ಆಡರ್ ಹಾವು. ಆ ದೇಶದ ಒಂದೇ ವಿಷದ ಹಾವು. ಸ್ಮೂತ್ ಸ್ನೇಕ್ ಎಂಬ ಹಾವಿನದು ದುಂಡು ಪಾಪೆ. ಸ್ಲೋ ವರ್ಮ್ ಕಣ್ಣು ಮಿಟುಕಿಸುತ್ತದೆ: ಹಾವಲ್ಲ, ಕಾಲಿಲ್ಲದ ಹಲ್ಲಿ!