ಕಾಡಿನ ಕಾಲುದಾರಿಗೆ ಬಂದ ಮೋಟರು: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ, ಜೀವಿಶಾಸ್ತ್ರ ಮತ್ತು ಪರಿಸರ ಸಚಿವರಲ್ಲಿ, ಬೆಂಗಳೂರಿನ ದಕ್ಷಿಣ ಅಂಚಿನಲ್ಲಿ ವಾಸವಾಗಿರುವ ಒಬ್ಬ ಸೈಕಲ್ ಸವಾರನ ವಿಜ್ಞಾಪನೆ.

ವಿಷಯ: ಅರಣ್ಯದ ಕಾಲುದಾರಿಗಳಲ್ಲಿ ಎಲೆಕ್ಟ್ರಿಕ್ ಸೈಕಲ್ ಹಾಗೂ ಒಬ್ಬರೇ ಸವಾರಿ ಮಾಡುವ ಇತರ ಎಲೆಕ್ಟ್ರಿಕ್ ವಾಹನಗಳ ಸಂಚಾರಕ್ಕೆ ಲಿಖಿತ ನಿಯಮ ರೂಪಿಸುವ ಕುರಿತು.

ಮಾನ್ಯರೇ,

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ, ನಗರದ ಹೊರವಲಯದ ಕುರುಚಲು ಕಾಡೊಂದರ ಇಳಿಜಾರಿನಲ್ಲಿ ನಾನು ಸೈಕಲ್ಲಿನಿಂದ ಇಳಿದು ಪಕ್ಕಕ್ಕೆ ನಿಂತಿದ್ದೆ. ಮೇಲಿನಿಂದ ಸೌದೆ ಹೊರೆ ಹೊತ್ತ ಅಜ್ಜಿಯೊಬ್ಬರು ಬರುತ್ತಿದ್ದರು. ಒಂದೂವರೆ ಅಡಿ ಅಗಲದ ಜಾಡಿನಲ್ಲಿ ಹೊರೆ ಹೊತ್ತವರಿಗೆ ದಾರಿ ಬಿಡಬೇಕೆಂಬುದು ನಮ್ಮಲ್ಲಿ ಯಾರೂ ಹೇಳಿಕೊಡಬೇಕಾದ ಮಾತಲ್ಲ. ಅಷ್ಟರಲ್ಲಿ ಕೆಳಗಿನಿಂದ, ಅಂದರೆ ಏರಿನ ಕಡೆಗೆ, ದಪ್ಪ ಟಯರಿನ ಎಲೆಕ್ಟ್ರಿಕ್ ಗಾಡಿಯೊಂದು ಸದ್ದಿಲ್ಲದೆ ಬಂದು ನನ್ನನ್ನು ದಾಟಿ, ಮುಂದಿನ ತಿರುವಿನಲ್ಲಿ ಅಜ್ಜಿಗೆ ಎದುರಾಯಿತು. ಗಾಡಿ ತಗುಲಲಿಲ್ಲ. ಆದರೆ ಅವರು ಬೆದರಿ ಲಂಟಾನ ಪೊದೆಯೊಳಕ್ಕೆ ಸರಿದರು, ಹೊರೆ ಬಿಚ್ಚಿ ಚೆಲ್ಲಾಪಿಲ್ಲಿಯಾಯಿತು. ಓಡಿಸುತ್ತಿದ್ದ ಯುವಕ ಕೆಟ್ಟವನಲ್ಲ; ಕೂಡಲೇ ನಿಲ್ಲಿಸಿ, ಕ್ಷಮೆ ಕೇಳಿ, ನನ್ನ ಜೊತೆ ಸೌದೆ ಆಯ್ದು ಕಟ್ಟಿಕೊಟ್ಟ. "ಸದ್ದು ಮಾಡ್ಕಂಡಾದ್ರೂ ಬರಬಾರದೇನಪ್ಪಾ" ಎಂದಷ್ಟೇ ಅಜ್ಜಿ ಹೇಳಿದರು. ನಾನು ಕೇಳಿದ್ದಕ್ಕೆ ಅವನು, "ಇದು ಎಲೆಕ್ಟ್ರಿಕ್ ಸೈಕಲ್ ಸರ್, ಇದಕ್ಕೆ ಲೈಸೆನ್ಸ್ ಬೇಕಿಲ್ಲ" ಎಂದ. ಆ ಗಾಡಿಗೆ ಪೆಡಲ್ಲೇ ಇರಲಿಲ್ಲ.

ಆ ಉತ್ತರದಲ್ಲಿ ಅರ್ಧ ಸತ್ಯವಿದೆ ಎಂಬುದೇ ಈ ಪತ್ರಕ್ಕೆ ಕಾರಣ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಮೋಟರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದೆ ಇದ್ದು, ಅದನ್ನು ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ದೃಢೀಕರಿಸಿದ್ದರೆ, ಅಂಥ ಗಾಡಿಯನ್ನು ಮೋಟಾರು ವಾಹನವೆಂದು ಪರಿಗಣಿಸುವುದಿಲ್ಲ. ಆದರೆ ಅದು ರಸ್ತೆಗೆ, ನೋಂದಣಿಗೆ, ಪರವಾನಗಿಗೆ ಸಂಬಂಧಿಸಿದ ಮಾತು. ಕಾಡಿನೊಳಗೆ ನಡೆಯುವುದು 1963ರ ಕರ್ನಾಟಕ ಅರಣ್ಯ ಕಾಯ್ದೆ. ರಸ್ತೆಯ ನಿಯಮದಲ್ಲಿ ಮೋಟಾರು ವಾಹನವಲ್ಲದ್ದು ಕಾಡಿನ ಜಾಡಿನಲ್ಲಿ ಏನಾಗುತ್ತದೆ ಎಂಬುದನ್ನು ಗೇಟಿನಲ್ಲಿ ನಿಂತ ಗಾರ್ಡ್‌ಗೆ ತಿಳಿಯುವಂತೆ ಬರೆದ ಫಲಕವನ್ನು ನಾನು ಓಡಾಡಿದ ಯಾವ ಕಾಡಿನಲ್ಲೂ ಕಂಡಿಲ್ಲ. ನ್ಯಾಯವಾಗಿ ಒಪ್ಪಿಕೊಳ್ಳಬೇಕಾದ ಇನ್ನೊಂದು ವಿಷಯವೆಂದರೆ, ಕಾಲಿನಿಂದ ತುಳಿಯುವ ನಮಗೂ ಬಹುಪಾಲು ಕಡೆ ಬರಹದ ಅನುಮತಿಯಿಲ್ಲ. ಇಲಾಖೆಯ ಸಹನೆಯ ಮೇಲೆ ನಮ್ಮ ಹವ್ಯಾಸ ನಡೆದಿದೆ. ಹಾಗಾಗಿ "ನಮ್ಮ ಜಾಡಿಗೆ ಇವರು ಬಂದರು" ಎಂಬ ದನಿಯಲ್ಲಿ ನಾನು ಬರೆಯಲಾರೆ. ಆ ಜಾಡುಗಳನ್ನು ಮಾಡಿದವರು ದನಕರುಗಳು, ಕುರಿಗಾಹಿಗಳು ಮತ್ತು ಆ ಅಜ್ಜಿಯಂಥವರು.

ಉದ್ಯೋಗದ ನಿಮಿತ್ತ ಆರು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದಾಗ ಇದೇ ಜಗಳವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅಲ್ಲಿ ಅದಕ್ಕೆ ಹಳೆಯ ಬೇರುಗಳಿವೆ. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕಿರುವ ಮರಿನ್ ಕೌಂಟಿಯ ಬೆಟ್ಟಗಳಲ್ಲಿ 1976ರಲ್ಲಿ ಕೆಲವು ಯುವಕರು ಹಳೆಯ ಭಾರದ ಸೈಕಲ್ಲುಗಳಲ್ಲಿ ಇಳಿಜಾರಿನ ಪಂದ್ಯ ಆರಂಭಿಸಿದರು. ಇಂದಿನ ಮೌಂಟನ್ ಬೈಕ್ ಬೆಳೆದದ್ದು ಅಲ್ಲಿಂದ. ಕೆಲವೇ ವರ್ಷಗಳಲ್ಲಿ ನಡಿಗೆಯವರು ಮತ್ತು ಕುದುರೆ ಸವಾರರು ಅವರ ವಿರುದ್ಧ ದೂರಿದರು: ವೇಗ ಹೆಚ್ಚು, ಸದ್ದಿಲ್ಲದೆ ಬರುತ್ತಾರೆ, ಮಣ್ಣು ಕೀಳುತ್ತಾರೆ. ಮೌಂಟ್ ಟ್ಯಾಮಲ್‌ಪೈಸ್ ಬೆಟ್ಟದ ಜಲಾನಯನ ಪ್ರದೇಶದಲ್ಲಿ ಸೈಕಲ್ಲುಗಳನ್ನು ದಶಕಗಳ ಕಾಲ, ಕಾಳ್ಗಿಚ್ಚು ನಂದಿಸುವ ವಾಹನಗಳಿಗಾಗಿ ಮಾಡಿದ ಅಗಲವಾದ ದಾರಿಗಳಿಗೆ ಸೀಮಿತಗೊಳಿಸಿ, ಗಂಟೆಗೆ 15 ಮೈಲಿ, ಕುರುಡು ತಿರುವುಗಳಲ್ಲಿ ಹಾಗೂ ಯಾರನ್ನಾದರೂ ದಾಟುವಾಗ 5 ಮೈಲಿ ಎಂಬ ಮಿತಿ ಇಟ್ಟರು. ಅಂದು ಸೈಕಲ್ ಸವಾರರ ಮೇಲೆ ಹೊರಿಸಿದ ಆ ಮೂರು ದೂರುಗಳನ್ನೇ ಇಂದು ಸೈಕಲ್ ಸವಾರರು ಎಲೆಕ್ಟ್ರಿಕ್ ಸವಾರರ ಮೇಲೆ ಹೊರಿಸುತ್ತಿದ್ದಾರೆ. ನಮ್ಮ ಭಾನುವಾರದ ಗುಂಪಿನಲ್ಲಿ ಇದನ್ನು ಹೇಳಿದಾಗ ಯಾರಿಗೂ ಅಷ್ಟಾಗಿ ಹಿಡಿಸಲಿಲ್ಲ.

ಈ ದೂರುಗಳಲ್ಲಿ ಮಣ್ಣಿನದು ದುರ್ಬಲವಾದದ್ದು. 1994ರಲ್ಲಿ ಪ್ರಕಟವಾದ ಮೊಂಟಾನಾದ ಅಧ್ಯಯನವೊಂದರಲ್ಲಿ ಒದ್ದೆ ಜಾಡಿನಲ್ಲಿ ಮಣ್ಣನ್ನು ಹೆಚ್ಚು ಸಡಿಲಿಸಿದ್ದು ಚಕ್ರಗಳಿಗಿಂತ ಕುದುರೆಯ ಗೊರಸು ಮತ್ತು ಮನುಷ್ಯರ ಹೆಜ್ಜೆ. ಒರೆಗಾನ್‌ನಲ್ಲಿ 2015ರಲ್ಲಿ ಮೌಂಟನ್ ಬೈಕ್ ಸವಾರರ ಅಂತರರಾಷ್ಟ್ರೀಯ ಸಂಘವೇ ನಡೆಸಿದ ಹೋಲಿಕೆಯಲ್ಲಿ, ಪೆಡಲ್ ತುಳಿದಾಗ ಮಾತ್ರ ಮೋಟರು ನೆರವಾಗುವ ಸೈಕಲ್ಲು ಸಾಮಾನ್ಯ ಮೌಂಟನ್ ಬೈಕಿಗೆ ಬಹುಮಟ್ಟಿಗೆ ಸಮನಾಗಿತ್ತು. ಮೋಟಾರ್ ಸೈಕಲ್ ಅವೆರಡಕ್ಕಿಂತ ಬಹಳ ಹೆಚ್ಚು ಮಣ್ಣು ಕಿತ್ತಿತ್ತು. ನಮ್ಮ ಕೆಂಪು ಮಣ್ಣು ಮಳೆಗಾಲದಲ್ಲಿ ಎಲ್ಲ ಚಕ್ರಕ್ಕೂ ಸೋಲುತ್ತದೆ. ಜೋರು ಮಳೆಯ ಮರುದಿನ ಎಲ್ಲರಿಗೂ ಜಾಡು ಮುಚ್ಚುವುದೇ ಅದಕ್ಕೆ ಪರಿಹಾರ.

ವೇಗದ ದೂರು ಮಾತ್ರ ನಿಜವಾದದ್ದು, ಆದರೆ ಜನ ಊಹಿಸುವ ಕಡೆಯಲ್ಲಲ್ಲ. ಇಳಿಜಾರಿನಲ್ಲಿ ಎಲ್ಲ ಚಕ್ರಗಳೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಇಳಿಯುತ್ತವೆ. ವ್ಯತ್ಯಾಸವಾಗುವುದು ಏರಿನಲ್ಲಿ. ಕಡಿದಾದ ಏರಿನಲ್ಲಿ ನನ್ನಂಥವನು ಗಂಟೆಗೆ ಏಳು ಕಿಲೋಮೀಟರ್ ಹತ್ತಿದರೆ ಹೆಚ್ಚು. ಮೇಲಿನಿಂದ 25ರಲ್ಲಿ ಇಳಿಯುವವನಿಗೆ ಎದುರಾದರೆ ನಾವು ಪರಸ್ಪರ ಸಮೀಪಿಸುವ ವೇಗ 32. ಇಪ್ಪತ್ತು ಮೀಟರಷ್ಟೇ ಕಾಣುವ ತಿರುವಿನಲ್ಲಿ ಇಬ್ಬರಿಗೂ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಿಗುತ್ತದೆ. ಆಕ್ಸಿಲರೇಟರ್ ತಿರುಗಿಸಿ 25ರಲ್ಲೇ ಏರುವವನಾದರೆ ಅದು ಒಂದೂವರೆ ಸೆಕೆಂಡಿಗೂ ಕಡಿಮೆಯಾಗುತ್ತದೆ. ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂಬ ಸವಾರರ ಹಳೆಯ ಕಟ್ಟಳೆ ಹುಟ್ಟಿದ್ದೇ ಏರುವವನು ನಿಧಾನವಾಗಿರುತ್ತಾನೆ ಎಂಬ ನಂಬಿಕೆಯ ಮೇಲೆ.

ಆದ್ದರಿಂದ "ಎಲೆಕ್ಟ್ರಿಕ್" ಎಂಬ ಒಂದೇ ಹೆಸರಿನಡಿ ಎಲ್ಲವನ್ನೂ ಬಿಡುವುದಾಗಲಿ ತಡೆಯುವುದಾಗಲಿ ಸರಿಯಲ್ಲ ಎಂದು ನನ್ನ ಅಭಿಪ್ರಾಯ. ಕ್ಯಾಲಿಫೋರ್ನಿಯಾ 2015ರ ಕಾನೂನಿನಲ್ಲಿ ಎಲೆಕ್ಟ್ರಿಕ್ ಸೈಕಲ್ಲುಗಳನ್ನು ಮೂರು ವರ್ಗ ಮಾಡಿತು: ಪೆಡಲ್ ತುಳಿದಾಗ ಮಾತ್ರ ನೆರವಾಗಿ, ವೇಗ ಗಂಟೆಗೆ 20 ಮೈಲಿ ಮುಟ್ಟಿದಾಗ ನೆರವು ನಿಲ್ಲಿಸುವುದು, ತುಳಿಯದೆಯೂ 20 ಮೈಲಿ ವೇಗದವರೆಗೆ ಓಡುವುದು, ತುಳಿದಾಗ 28 ಮೈಲಿ ವೇಗದವರೆಗೆ ನೆರವಾಗುವುದು. ನಿಂತು ಓಡಿಸುವ ಎಲೆಕ್ಟ್ರಿಕ್ ಹಲಗೆಗಳಿಗೆ ಅದೇ ವರ್ಷ ಬೇರೆ ಕಾನೂನು ಮಾಡಿತು. ಜಾಡು ನೋಡಿಕೊಳ್ಳುವ ಸಂಸ್ಥೆಗಳಿಗೆ ಇದರಿಂದ ಆದ ಅನುಕೂಲವೆಂದರೆ, ಯಾವುದನ್ನು ಬಿಡುತ್ತೇವೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬಂತು. ಕೊಲರಾಡೊದ ಜೆಫರ್ಸನ್ ಕೌಂಟಿ 2018ರಲ್ಲಿ ಮೊದಲ ವರ್ಗದ ಸೈಕಲ್ಲುಗಳನ್ನು ಮಾತ್ರ ಮಣ್ಣಿನ ಜಾಡಿಗೆ ಪ್ರಾಯೋಗಿಕವಾಗಿ ಬಿಟ್ಟು, ಜಾಡಿನಲ್ಲಿದ್ದವರನ್ನೇ ಕೇಳಿ ನೋಡಿತು. ಪಕ್ಕದಲ್ಲಿ ಹಾದುಹೋದದ್ದು ಎಲೆಕ್ಟ್ರಿಕ್ ಎಂದು ಅನೇಕರಿಗೆ ಗೊತ್ತೇ ಆಗಿರಲಿಲ್ಲ.

ಆತುರದ ಉದಾಹರಣೆಯೂ ಅಲ್ಲಿಯೇ ಇದೆ. 2019ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಉದ್ಯಾನಗಳೂ ಸರ್ಕಾರಿ ಜಮೀನುಗಳೂ ಯಾರ ಸುಪರ್ದಿನಲ್ಲಿವೆಯೋ ಆ ಅಮೆರಿಕದ ಆಂತರಿಕ ಇಲಾಖೆ (ಇಂಟೀರಿಯರ್) ಒಂದು ಆದೇಶ ಹೊರಡಿಸಿ, ಸೈಕಲ್ಲಿಗೆ ಅವಕಾಶವಿರುವಲ್ಲಿ ಮೂರೂ ವರ್ಗದ ಎಲೆಕ್ಟ್ರಿಕ್ ಸೈಕಲ್ಲಿಗೂ ಅವಕಾಶ ಕೊಡಲು ತನ್ನ ಸಂಸ್ಥೆಗಳಿಗೆ ಸೂಚಿಸಿತು. ಪರಿಸರದ ಮೇಲಾಗುವ ಪರಿಣಾಮವನ್ನು ಸರಿಯಾಗಿ ಪರಿಶೀಲಿಸಿಲ್ಲವೆಂದು ದಾವೆ ಹೂಡಲಾಯಿತು. 2022ರಲ್ಲಿ ನ್ಯಾಯಾಲಯ ರಾಷ್ಟ್ರೀಯ ಉದ್ಯಾನಗಳ ಮಟ್ಟಿಗೆ ಆ ಪರಿಶೀಲನೆಯನ್ನು ಮತ್ತೆ ಮಾಡುವಂತೆ ಹೇಳಿತು. ಒಂದೆರಡು ಕಾಡುಗಳಲ್ಲಿ ಒಂದು ಋತು ನೋಡಿ ಆದೇಶ ಬರೆದರೆ ಇಂಥ ಅಲೆದಾಟ ತಪ್ಪುತ್ತದೆ.

ನಮ್ಮ ಕಾಡಿಗೆ ವಿಶೇಷವಾದ ಒಂದು ಆತಂಕವಿದೆ. ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಹತ್ತಿರ 2016ರ ಜೂನ್‌ನಲ್ಲಿ ಸಾಮಾನ್ಯ ಮೌಂಟನ್ ಬೈಕಿನಲ್ಲಿ ವೇಗವಾಗಿ ಹೋಗುತ್ತಿದ್ದ, ಕಾಡು ಬಲ್ಲ ಸರ್ಕಾರಿ ಅಧಿಕಾರಿಯೊಬ್ಬರು ತಿರುವಿನಲ್ಲಿ ಕರಡಿಗೆ ಢಿಕ್ಕಿಯಾಗಿ ಅದರ ದಾಳಿಯಿಂದ ಮೃತಪಟ್ಟರು. ಮೋಟರಿಲ್ಲದೆಯೇ ಹೀಗಾಗುತ್ತದೆ ಎಂದಾದರೆ, ರಾಮನಗರ, ತುಮಕೂರು, ಕೊಪ್ಪಳ, ಬಳ್ಳಾರಿಯ ಕಲ್ಲುಗುಡ್ಡಗಳಲ್ಲಿ ಮಸುಕು ಹೊತ್ತಿನಲ್ಲಿ ತಿರುಗಾಡುವ ನಮ್ಮ ಕರಡಿಗಳ ನಡುವೆ ಏರಿನಲ್ಲೂ ಇಳಿಜಾರಿನಲ್ಲೂ ಸದ್ದಿಲ್ಲದೆ ಓಡುವ ಗಾಡಿಗಳನ್ನು ಬೆಳಕು ಹರಿಯುವ ಮೊದಲು ಬಿಡುವುದು ಯಾರಿಗೂ ಕ್ಷೇಮವಲ್ಲ.

ಇಷ್ಟಾದರೂ ನಾನು ಪೂರ್ಣ ನಿಷೇಧವನ್ನು ಕೇಳುತ್ತಿಲ್ಲ. ನಮ್ಮ ಗುಂಪಿನ ಹಿರಿಯರೊಬ್ಬರು ಎದೆಯ ಶಸ್ತ್ರಚಿಕಿತ್ಸೆಯ ನಂತರ ಎರಡು ವರ್ಷ ಗೇಟಿನ ಬಳಿ ಕೂತು ನಮ್ಮ ಚಹದ ಫ್ಲಾಸ್ಕು ಕಾಯುತ್ತಿದ್ದರು. ಈಗ ಮೋಟರಿನ ನೆರವಿರುವ ಸೈಕಲ್ಲಿನಲ್ಲಿ ನಮ್ಮ ಹಿಂದೆಯೇ ಬರುತ್ತಾರೆ, ಏರಿನಲ್ಲಿ ಬೇಕೆಂದೇ ನನ್ನನ್ನು ದಾಟಿ ಮೇಲೆ ನಿಂತು ಕಾಯುತ್ತಾರೆ. ಅವರನ್ನೂ ಪೆಡಲಿಲ್ಲದ ಗಾಡಿಯನ್ನೂ ಒಂದೇ ಫಲಕ ತಡೆಯಬಾರದು.

ಆದ್ದರಿಂದ ತಮ್ಮಲ್ಲಿ ಕೇಳುವುದಿಷ್ಟು. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳನ್ನು ಈ ಚರ್ಚೆಯಿಂದ ಪೂರ್ತಿ ಹೊರಗಿಡಿ. ನಗರಗಳ ಅಂಚಿನಲ್ಲಿ ಜನ ಈಗಾಗಲೇ ಓಡಾಡುವ ಕಾಡುಗಳಲ್ಲಿ, ಕಿರುದಾರಿಗೆ ಸಾಮಾನ್ಯ ಸೈಕಲ್ಲು ಮತ್ತು ಪೆಡಲ್ ತುಳಿದಾಗ ಮಾತ್ರ ನೆರವಾಗುವ, 250 ವ್ಯಾಟ್ ಮೀರದ ಸೈಕಲ್ಲುಗಳಿಗೆ ಮಾತ್ರ ಒಂದು ವರ್ಷದ ಪ್ರಾಯೋಗಿಕ ಅವಕಾಶ ಕೊಡಿ. ಆಕ್ಸಿಲರೇಟರ್ ಇರುವ ಸೈಕಲ್ಲು, ನಿಂತು ಓಡಿಸುವ ಒಂಟಿ ಚಕ್ರ, ಪುಟ್ಟ ಸ್ಕೂಟರ್ ಇವೆಲ್ಲ ಇಲಾಖೆಯ ಜೀಪು ಓಡಾಡುವ ಅಗಲದ ದಾರಿಯಲ್ಲಷ್ಟೇ, ಗಂಟೆಗೆ 15 ಕಿಲೋಮೀಟರ್ ಮಿತಿಯಲ್ಲಿ ಇರಲಿ. ಪೆಡಲ್ಲೇ ಇಲ್ಲದ ಎಲೆಕ್ಟ್ರಿಕ್ ಡರ್ಟ್ ಬೈಕುಗಳು ಗೇಟು ದಾಟುವುದು ಬೇಡ. ನಡೆಯುವವರಿಗೂ ದನಕರುಗಳಿಗೂ ಎಲ್ಲ ಚಕ್ರಗಳೂ ನಿಂತು ದಾರಿ ಬಿಡಬೇಕು, ಪ್ರತಿ ಗಾಡಿಗೂ ಬೆಲ್ ಕಡ್ಡಾಯವಾಗಬೇಕು. ತಿರುವು ಹೆಚ್ಚಿರುವ ಜಾಡುಗಳನ್ನು ಸವಾರರಿಗೆ ಒಮ್ಮುಖ ಮಾಡಿದರೆ ನಾನು ಮೇಲೆ ಹೇಳಿದ ಸೆಕೆಂಡುಗಳ ಲೆಕ್ಕದ ಅರ್ಧ ತಲೆನೋವು ತಾನಾಗಿ ಹೋಗುತ್ತದೆ. ಬೇಸಿಗೆಯಲ್ಲಿ, ಬೆಂಕಿ ರೇಖೆ ಕಡಿದಿಟ್ಟು ಸಿಬ್ಬಂದಿ ಹಗಲಿರುಳು ಕಾಯುವ ತಿಂಗಳುಗಳಲ್ಲಿ, ಕಾಡಿನೊಳಗೆ ಬ್ಯಾಟರಿ ಚಾರ್ಜ್ ಮಾಡುವುದನ್ನಾಗಲಿ ಬಿಚ್ಚಿ ರಿಪೇರಿ ಮಾಡುವುದನ್ನಾಗಲಿ ನಿಷೇಧಿಸಬೇಕು.

ಗಾರ್ಡ್ ಇದನ್ನೆಲ್ಲ ಹೇಗೆ ಗುರುತಿಸುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ನಮ್ಮ ಮಾರುಕಟ್ಟೆಯಲ್ಲಿ ಎಲೆಕ್ಟ್ರಿಕ್ ಸೈಕಲ್ ಎಂದು ಮಾರುವ ಅನೇಕ ಗಾಡಿಗಳಲ್ಲಿ ಪೆಡಲ್ಲೂ ಇರುತ್ತದೆ, ಆಕ್ಸಿಲರೇಟರೂ ಇರುತ್ತದೆ. ಚಾಲೂ ಮಾಡಿಸಿ, ಮೋಟರಿರುವ ಚಕ್ರವನ್ನು ನೆಲದಿಂದ ಎತ್ತಿ ಹಿಡಿಸಿ, ಹ್ಯಾಂಡಲ್ಲಿನ ಹಿಡಿಯನ್ನೋ ಗುಂಡಿಯನ್ನೋ ಒತ್ತಿಸಬೇಕು. ಪೆಡಲ್ ಅಲುಗದೆ ಚಕ್ರ ಭರ್ರೆಂದು ತಿರುಗಿದರೆ ಅದು ಅಗಲದ ದಾರಿಯ ಗಾಡಿ. ಇದಕ್ಕೆ ಅರ್ಧ ನಿಮಿಷ ಸಾಕು, ಯಂತ್ರ ಬೇಡ. ವೇಗಮಿತಿ ಕಳಚಿಸಿಕೊಂಡವರನ್ನು ಹೀಗೆ ಹಿಡಿಯಲಾಗುವುದಿಲ್ಲ ಎಂಬುದು ನಿಜ. ಅವರಿಗೆ ಒಮ್ಮುಖ ಜಾಡು ಮತ್ತು ದಂಡ ಎರಡೂ ಬೇಕಾಗುತ್ತವೆ.

ಕುಮಾರ ಪರ್ವತದಲ್ಲಿ 2024ರ ಜನವರಿಯ ರಜೆಯಲ್ಲಿ ಸಾವಿರಾರು ಚಾರಣಿಗರು ಒಮ್ಮೆಗೇ ನೆರೆದ ಮೇಲೆ ಚಾರಣ ನಿಲ್ಲಿಸಬೇಕಾಯಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅರಣ್ಯ ವಿಹಾರ ಜಾಲತಾಣದ ಮೂಲಕ ದಿನಕ್ಕೆ 300 ಜನರ ಮಿತಿಯೊಂದಿಗೆ ಬುಕಿಂಗ್ ಬಂತು. ಆ ವ್ಯವಸ್ಥೆಗೇ ಸೈಕಲ್ ಜಾಡುಗಳ ಒಂದು ಪುಟ ಸೇರಿಸಿ, ಗಾಡಿಯ ಬಗೆಯನ್ನು ಅಲ್ಲಿಯೇ ಕೇಳಬಹುದು. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ನಡೆದ ಗದಗದಂಥ ಜಿಲ್ಲೆಗಳ ಮಕ್ಕಳಿಗೂ ಅಭ್ಯಾಸಕ್ಕೆ ಹಕ್ಕಿನ ಜಾಡೊಂದು ಅದರಿಂದ ಸಿಕ್ಕೀತು.

ಇಲಾಖೆ ಯಾವ ಕಾಡನ್ನು ಆರಿಸಿದರೂ, ಮೊದಲ ಎರಡು ತಿಂಗಳ ಭಾನುವಾರಗಳಂದು ಬೆಳಿಗ್ಗೆ ಗೇಟಿನಲ್ಲಿ ಸಿಬ್ಬಂದಿಯ ಜೊತೆ ನಿಂತು ಚಕ್ರ ಎತ್ತಿ ತೋರಿಸಲು ನಮ್ಮ ಗುಂಪಿನ ನಾಲ್ವರು ಒಪ್ಪಿದ್ದಾರೆ. ಫಲಕಗಳ ಕರಡನ್ನೂ ಬರೆದಿಟ್ಟಿದ್ದೇವೆ, ಕರೆದಾಗ ತಂದು ತೋರಿಸುತ್ತೇವೆ.

ಇತಿ,
ತಮ್ಮ ವಿಧೇಯ,
ಬೆಂಗಳೂರು ದಕ್ಷಿಣದ ಒಬ್ಬ ಸೈಕಲ್ ಸವಾರ