ಹಳೇ ಗಾಡಿ ಕೊಳ್ಳಲು ಹೊರಟ ಮಗಳಿಗೆ

ಡೊಂಬಿವಲಿ,
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. 2011ರ ವ್ಯಾಗನ್ ಆರ್, ಪೆಟ್ರೋಲ್, ಒಬ್ಬರೇ ಓನರ್, 1,35,000 ರೂಪಾಯಿ. "ಇಂಜಿನ್ ಸ್ವಲ್ಪ ಸದ್ದು ಮಾಡುತ್ತೆ" ಅಂತ ಮಾಲೀಕರೇ ಹೇಳಿದರು ಅಂದೆ. ಅಪ್ಪ ಅಷ್ಟು ಕೇಳಿದ್ದೇ "ಬೇಡವೇ ಬೇಡ" ಅಂದುಬಿಟ್ಟರು. ನನಗೇನೋ ಹೋಗಿ ನೋಡಬಹುದು ಅನಿಸುತ್ತೆ. ಇಷ್ಟು ಹಳೇ ಗಾಡಿಯಲ್ಲಿ ಏನೂ ತೊಂದರೆ ಇಲ್ಲ ಅನ್ನುವವರನ್ನು ಕಂಡರೇ ನನಗೆ ಜಾಸ್ತಿ ಅನುಮಾನ.

ಕುರ್ಲಾದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತಿದ್ದೆನಲ್ಲ, ಮೆಕ್ಯಾನಿಕ್‌ಗಳು ಹಾಳಾದ ಸಾಮಾನು ತಂದು ನನ್ನ ಟೇಬಲ್ ಮೇಲೇ ಇಡುತ್ತಿದ್ದರು. ಸವೆದ ಕ್ಲಚ್ ಪ್ಲೇಟ್ ನೋಡಿದ್ದೀಯಾ? ಮೇಲಿನ ಪದರವೆಲ್ಲ ಹೋಗಿ ರಿವೆಟ್ಟಿನ ತಲೆಗಳು ಪಳಪಳ ಹೊಳೆಯುತ್ತಿರುತ್ತವೆ. ಸುಟ್ಟ ವಾಸನೆ ಲೆಡ್ಜರಿಗೂ ಹತ್ತುತ್ತಿತ್ತು. ಆದರೆ ಕ್ಲಚ್ ಹೋದರೆ ಕ್ಲಚ್ ಹಾಕಿಸಿದರಾಯಿತು. ಟೈರು, ಬ್ಯಾಟರಿ, ಬ್ರೇಕ್ ಪ್ಯಾಡ್, ಸಸ್ಪೆನ್ಷನ್ ಬುಷ್ ಎಲ್ಲಾ ಹಾಗೇ. ದುಡ್ಡು ಕೊಟ್ಟರೆ ಮುಗಿಯಿತು, ಬೆಲೆಯಲ್ಲಿ ಅಷ್ಟು ಕಡಿಮೆ ಮಾಡಿಸಿಕೊಂಡರೆ ಸರಿ. ಇಂಜಿನ್ನಿನ ಒಳಗಿನದು, ನೀರು ಹೊಕ್ಕಿದ್ದು, ಚಾಸಿ ಅಂದರೆ ಗಾಡಿಯ ಕೆಳಗಿನ ಚೌಕಟ್ಟು ಬಾಗಿದ್ದು, ಈ ಮೂರು ಮಾತ್ರ ಬೇಡ. ಅರ್ಧ ಬೆಲೆಗೆ ಕೊಡ್ತೀನಿ ಅಂದರೂ ಎದ್ದು ಬಾ.

ಮೊದಲು ಆ ಸದ್ದಿನ ವಿಷಯ. ಬೆಳಿಗ್ಗೆ ಹೋಗು. ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹಿಂದಿನ ದಿನವೇ ಫೋನ್ ಮಾಡಿ ಹೇಳು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡು. ಬೆಚ್ಚಗಿದ್ದರೆ ನಿನಗಿಂತ ಮುಂಚೆ ಯಾರೋ ಸ್ಟಾರ್ಟ್ ಮಾಡಿದ್ದಾರೆ, ಯಾಕೆ ಅಂತ ಕೇಳು. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೇನೇ ನಿಜವಾದ ಸದ್ದು ಕೇಳಿಸುವುದು. ಮೇಲಿನಿಂದ ಟಿಕ್ ಟಿಕ್ ಅಂತ ಬಂದು ಇಂಜಿನ್ ಬಿಸಿಯಾದ ಹಾಗೆ ಕಡಿಮೆಯಾದರೆ ಸಾಮಾನ್ಯವಾಗಿ ದೊಡ್ಡ ವಿಷಯವಲ್ಲ. ಸ್ಟಾರ್ಟ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ಗಲಗಲ ಅಂದರೆ ಟೈಮಿಂಗ್ ಚೈನ್ ಇರಬಹುದು, ಇಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಸರಪಳಿ ಅದು. ಈ ಗಾಡಿಯಲ್ಲಿರುವುದು ಬೆಲ್ಟ್ ಅಲ್ಲ, ಚೈನ್. ಸುಲಭಕ್ಕೆ ಕೆಡುವುದಲ್ಲ, ಕೆಟ್ಟರೆ ಖರ್ಚು ಜಾಸ್ತಿ. ಇನ್ನು ಎಕ್ಸಲರೇಟರ್ ಒತ್ತಿದಾಗ ಕೆಳಗಿನಿಂದ ಯಾರೋ ಬಾಗಿಲು ತಟ್ಟಿದ ಹಾಗೆ ದಪ್ಪನೆಯ ಸದ್ದು ಬಂದರೆ ಇಂಜಿನ್ನಿನ ಒಳಗಿನ ಬೇರಿಂಗ್ ಹೋಗಿದೆ. ಥ್ಯಾಂಕ್ಸ್ ಹೇಳಿ ಬಂದುಬಿಡು.

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಚಿತ್ರದ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಏನೋ ತೊಂದರೆ ಇದೆ ಅಂತ ಎಲ್ಲರಿಗೂ ಗೊತ್ತು. ಹತ್ತದೇ ಇದ್ದರೆ? ಅದನ್ನು ಯಾರೂ ಗಮನಿಸುವುದಿಲ್ಲ. ದೀಪದ ಕನೆಕ್ಷನ್ನೇ ಕಿತ್ತಿರುವ ಮಹಾನುಭಾವರಿದ್ದಾರೆ.

ಆಯಿಲ್ ಮುಚ್ಚಳ ತೆಗೆದು ಅದರ ಒಳಭಾಗ ನೋಡು. ಕಪ್ಪು, ಕಂದು ಬಣ್ಣ ಇದ್ದರೆ ಸರಿ. ಹಾಲು ಜಾಸ್ತಿಯಾದ ಕಾಫಿಯ ಕೆನೆಯಂಥದ್ದು ದಪ್ಪಗೆ ಅಂಟಿದ್ದರೆ ಆಯಿಲಿನಲ್ಲಿ ನೀರು ಸೇರಿದೆ, ಇಂಜಿನ್ನಿನ ಮೇಲ್ಭಾಗ, ಕೆಳಭಾಗದ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಅನ್ನೋ ಪದರ ಹೋಗಿರಬಹುದು. ಮಳೆಗಾಲದಲ್ಲಿ ಬರೀ ಹತ್ತಿರ ಹತ್ತಿರ ಓಡಿಸಿದರೂ ಚೂರು ಹಾಗಾಗುತ್ತೆ, ಅದಕ್ಕೇ ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ಕೂಡ ಎಳೆದು ಅಲ್ಲೂ ಕೆನೆ ಇದೆಯಾ ನೋಡು. ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ ಅಂತ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ಮಾತ್ರ ಮುಟ್ಟಬೇಡ, ಕೈ ಮುಖ ಎಲ್ಲಾ ಸುಟ್ಟುಹೋಗುತ್ತೆ.

ನೀರು ಹೊಕ್ಕ ಗಾಡಿ ಅಂದೆನಲ್ಲ. 2019ರ ಆಗಸ್ಟ್‌ನಲ್ಲಿ ಸಾಂಗ್ಲಿ, ಕೊಲ್ಹಾಪುರ ಮುಳುಗಿತ್ತು. ಸೆಪ್ಟೆಂಬರಿನಲ್ಲಿ ನಿಮ್ಮ ಪುಣೆಯಲ್ಲೇ ಅಂಬಿಲ್ ಓಢಾ ಅನ್ನೋ ಹಳ್ಳ ಉಕ್ಕಿ ಒಂದೇ ರಾತ್ರಿಯಲ್ಲಿ ಎಷ್ಟೋ ಗಾಡಿ ಕೊಚ್ಚಿಹೋದವು. ಅಂಥವನ್ನು ತೊಳೆದು ಮಾರಿದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆ. ತುದಿಯಲ್ಲಿ ಮಣ್ಣಿನ ಕಲೆ ಇದೆಯಾ ನೋಡು. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೂ ಕಣ್ಣಾಡಿಸು. ಇಂಜಿನ್ ಭಾಗವನ್ನು ನಿನ್ನೆಯಷ್ಟೇ ತೊಳೆದು ಮಿಂಚಿಸಿದ್ದರೆ ನನಗೆ ಇಷ್ಟವಿಲ್ಲ. ಧೂಳಿದ್ದರೆ ಎಲ್ಲಿ ಆಯಿಲ್ ಸೋರಿದೆ ಅಂತ ಅದೇ ಹೇಳುತ್ತೆ.

ವಾಕಡ್‌ನಿಂದ ಹಿಂಜವಡಿವರೆಗೆ ಟ್ರಾಫಿಕ್ಕಿನಲ್ಲಿ ಓಡಿಸಿದರೆ ಏನೂ ಗೊತ್ತಾಗಲ್ಲ. ಕಾತ್ರಜ್ ಘಾಟ್ ಹತ್ತಿಸು. ಎಸಿ ಹಾಕಿಕೊಂಡೇ ಹತ್ತಿಸು. ಇಂಜಿನ್ ತೀರಾ ಬಿಸಿಯಾಗದಿದ್ದರೆ ಅರ್ಧ ಚಿಂತೆ ಹೋದ ಹಾಗೆ. ನಾಲ್ಕನೇ ಗೇರಿನಲ್ಲಿ ಒತ್ತಿದಾಗ ಇಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಹೋಗಿದೆ, ಆ ದುಡ್ಡು ಬೆಲೆಯಲ್ಲಿ ಇಳಿಸಬೇಕು.

ಕಾಗದದ ವಿಷಯದಲ್ಲಿ ಮಾತ್ರ ಅಪ್ಪ ಹೆದರುವುದು ಸರಿಯಾಗಿಯೇ ಇದೆ. ಖಾಸಗಿ ಗಾಡಿಯ ಆರ್‌ಸಿ, ಅಂದರೆ ನೋಂದಣಿ ಪತ್ರ, 15 ವರ್ಷಕ್ಕೆ ಮುಗಿಯುತ್ತೆ, ಅಂದರೆ ಇದಕ್ಕೆ 2026. ಆಮೇಲೆ ಗಾಡಿ ತೋರಿಸಿ ಪಾಸ್ ಮಾಡಿಸಿ 5 ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಗಿದೆ, ಹಳೇ ಗಾಡಿಗೆ ಹಾಕುವ ಗ್ರೀನ್ ಟ್ಯಾಕ್ಸ್ ಬೇರೆ. ಇದನ್ನು ಮುಂದಿಟ್ಟೇ ಚೌಕಾಸಿ ಮಾಡು. ಲೋನ್ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಅದನ್ನು ತೆಗೆಸುವ ಫಾರ್ಮ್ 35 ಕೇಳು. ಗಾಡಿ ನಿನ್ನ ಹೆಸರಿಗೆ ಮಾಡಿಸುವ ಫಾರ್ಮ್ 29, 30ಕ್ಕೆ ಸಹಿ ಹಾಕಿಸಿಕೊ, ಇ-ಚಲನ್ ಬಾಕಿ ನೋಡು. ಇನ್ಶೂರೆನ್ಸ್ 14 ದಿನದೊಳಗೆ ನಿನ್ನ ಹೆಸರಿಗೆ ಮಾಡಿಸಲು ಅರ್ಜಿ ಹಾಕು. ಕ್ಲೇಮ್ ಮಾಡದೇ ಇದ್ದುದಕ್ಕೆ ಅವರಿಗೆ ಸಿಕ್ಕ ರಿಯಾಯಿತಿ, ನೋ ಕ್ಲೇಮ್ ಬೋನಸ್, ಅವರದ್ದೇ, ಗಾಡಿ ಜೊತೆ ಬರುವುದಿಲ್ಲ.

ಬೆಳಗಾವಿಯ ಸೋದರಮಾವ ತಮ್ಮ ಕೆಎ-22 ಗಾಡಿ ಸುಮ್ನೆ ನಿಂತಿದೆ, ಅವಳಿಗೇ ಕೊಡ್ತೀನಿ ಅಂತಿದ್ದಾರೆ. ಪ್ರೀತಿಯಿಂದ ಹೇಳಿದ್ದು, ನೀನೇ ಫೋನ್ ಮಾಡಿ ಬೇಡ ಅನ್ನು. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ತಂದು, ಮಹಾರಾಷ್ಟ್ರದಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಿ, ಕರ್ನಾಟಕದಲ್ಲಿ ಕಟ್ಟಿದ್ದರ ರೀಫಂಡಿಗೆ ಅಲೆಯಬೇಕು. ಪುಕ್ಕಟೆ ಗಾಡಿ ತುಟ್ಟಿ ಬೀಳುತ್ತೆ.

ನಿನ್ನ ಹತ್ತಿರ ಒಂದೂವರೆ ಲಕ್ಷ ಇದೆ ಅಂದೆ. ಹಾಗಿದ್ದರೆ ಗಾಡಿಗೆ 1,15,000ಕ್ಕಿಂತ ಜಾಸ್ತಿ ಕೊಡಬೇಡ. ಉಳಿದದ್ದು ಮೊದಲ ತಿಂಗಳಲ್ಲೇ ಗ್ಯಾರೇಜಿಗೆ ಬೇಕಾಗುತ್ತೆ. ನಿನ್ನದೇ ಮೆಕ್ಯಾನಿಕ್ ನೋಡುವವರೆಗೆ ಟೋಕನ್ ಅಂತ ಒಂದು ರೂಪಾಯಿಯೂ ಬೇಡ.

ಶನಿವಾರ ಅಪ್ಪ ಕಲ್ಯಾಣದಲ್ಲಿ ರೈಲು ಹತ್ತಿ ಬರುತ್ತಾರಂತೆ. ಬರಲಿ, ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು. ರೇಟು ಮಾತ್ರ ನೀನೇ ಮಾತಾಡು. ಮಾಲೀಕರು ಧಾರವಾಡದ ಕಡೆಯವರು ಅಂದೆಯಲ್ಲ, ಅಪ್ಪನನ್ನು ಕೂರಿಸಿದರೆ ಎರಡು ಕಪ್ ಚಹಾ ಕುಡಿದು, ಊರಿನ ಸಂಬಂಧ ಹುಡುಕಿ, ಕೇಳಿದಷ್ಟೂ ಕೊಟ್ಟು ಎದ್ದುಬರುತ್ತಾರೆ.

ಇಂತಿ ನಿನ್ನ
ಅಮ್ಮ